ಹನ್ನೊಂದನೇ ರೂಪಾಯಿ

ಹತ್ತು ರೂಪಾಯಿ ಮುಯ್ಯಿ ಹಾಕಬಾರದು ಅಂತ ಮೊದಲು ಹೇಳಿದ ಮಹಾನುಭಾವರು ಯಾರೋ ಗೊತ್ತಿಲ್ಲ. ಹತ್ತು ಸೊನ್ನೆಯಲ್ಲಿ ಮುಗಿಯುತ್ತದಂತೆ, ಮದುವೆ ಮನೆಗೆ ಸೊನ್ನೆ ಒಳ್ಳೆಯದಲ್ಲವಂತೆ, ಮೇಲೊಂದು ರೂಪಾಯಿ ಸೇರಿಸಿ ಹನ್ನೊಂದು ಮಾಡಬೇಕಂತೆ. ಆಯ್ತು, ಸೇರಿಸಿ, ಯಾರು ಬೇಡ ಅಂದರು. ಆದರೆ ಆ ಮೇಲಿನ ಒಂದು ರೂಪಾಯಿ ಯಲಹಂಕದ ಮುನಿಕೆಂಪಮ್ಮನ ಜೀವ ಎರಡು ದಿನ ಹೇಗೆ ಹಿಂಡಿ ಹಾಕಿತು ಅನ್ನೋದನ್ನು ಕೇಳಿ. ಕೇಳಿದ ಮೇಲೆ ನೀವೂ ಮುಯ್ಯಿ ಹಾಕುವಾಗ ಕೈಯಲ್ಲಿರುವ ನೋಟನ್ನು ಒಂದು ಸಲ ತಿರುಗಿಸಿ ನೋಡುತ್ತೀರಿ.

ಅವತ್ತು ಭಾನುವಾರ, ಅರವತ್ತಾರನೇ ಇಸವಿ ಜೂನ್ ಐದನೇ ತಾರೀಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಬೀದಿಯಲ್ಲಿ "ಕಲಾಯಿ, ಪಾತ್ರೆಗೆ ಕಲಾಯಿ" ಅಂತ ಕೂಗು ಕೇಳಿಸಿತು. ಮುನಿಕೆಂಪಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಎದ್ದಳು. ಬಾಗಿಲಲ್ಲಿ ಮುದುಕ ಲಾಲ್ ಸಾಬ್ ಸೈಕಲ್ಲಿನಿಂದ ಕೆಂಡಕ್ಕೆ ಗಾಳಿ ಊದುವ ತೊಗಲಿನ ತಿದಿ ಇಳಿಸುತ್ತಿದ್ದ. ವರ್ಷಕ್ಕೆರಡು ಸಲ ಬಂದು ಪಾತ್ರೆ ಬೆಳಗಿ ಹೋಗುವವನು, ಯಶವಂತಪುರದ ಕಡೆಯವನು, ಊರಿಗೆಲ್ಲ ಗೊತ್ತಿದ್ದ ಮುಖ. ಅವನು ಹಂಡೆ ಈಸಿಕೊಳ್ಳುವ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಬಹ್ರೇನಿಂದ ಬಂದೈತೆ ತಾಯಿ. ಎಂಟು ಸಾವಿರದ ನಾನೂರು. ನೋಟು ತನ್ನಿ."

ಅವಳು ಬೀದಿಯ ಎರಡೂ ಕಡೆ ನೋಡಿದಳು. ಇಷ್ಟು ದಿನ ಕಾದದ್ದು ಬರುತ್ತೆ ಅಂತ ಗೊತ್ತಿತ್ತು, ಆದರೆ ಕಲಾಯಿ ಸಾಬಣ್ಣನ ರೂಪದಲ್ಲಿ ಬರುತ್ತೆ ಅಂತ ಗೊತ್ತಿರಲಿಲ್ಲ.

ಅವಳ ಗಂಡ ಆವಲಪ್ಪ ಬಹ್ರೇನಿನಲ್ಲಿ ಎಣ್ಣೆ ಕಂಪನಿಯಲ್ಲಿ ವೆಲ್ಡರ್. ಹೋಗಿ ಆರು ವರ್ಷ. ಹೆಬ್ಬಾಳದ ಕೆರೆ ಕೆಳಗೆ ಬಳ್ಳಾರಿ ರಸ್ತೆಗೆ ತಾಗಿದಂತೆ ಎರಡು ಎಕರೆ ಕೊಳ್ಳಬೇಕು ಅನ್ನೋದೊಂದೇ ಅವನ ಹುಚ್ಚು. ಪೋಸ್ಟಾಫೀಸಿನಲ್ಲಿಟ್ಟರೆ ಬಡ್ಡಿ ಕಮ್ಮಿ, ಬಂಗಾರ ಕೊಳ್ಳೋಣ ಅಂದರೆ ಸರ್ಕಾರ ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲೆ ಒಡವೆ ಮಾಡಿಸಬೇಡಿ ಅಂತ ಹೇಳಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ, ಭೂಮಿಯೇ ಸರಿ ಅಂತ ಅವನ ವಾದ. ಜಮೀನಿನ ಪಿಳ್ಳಪ್ಪ ಎಂಟೂವರೆ ಸಾವಿರಕ್ಕೆ ಒಪ್ಪಿ ಐನೂರು ಮುಂಗಡ ತಗೊಂಡಿದ್ದ. ಉಳಿದ ಎಂಟು ಸಾವಿರ ಬರುವ ಬುಧವಾರದೊಳಗೆ ಕೊಡಬೇಕು. ಇಲ್ಲದಿದ್ದರೆ ಮುಂಗಡವೂ ಇಲ್ಲ, ಜಮೀನೂ ಇಲ್ಲ. ಮೇಲಿನ ನಾನೂರು ರಿಜಿಸ್ಟ್ರಿ ಖರ್ಚಿಗೆ.

ಆವಲಪ್ಪ ಬೆವರು ಸುರಿಸಿ ಉಳಿಸಿದ್ದು ಆರುನೂರು ದಿನಾರು. ಬ್ಯಾಂಕಿನಲ್ಲಿ ಕಳಿಸಿದರೆ ದಿನಾರಿಗೆ ಹತ್ತೇ ರೂಪಾಯಿ, ಆರು ಸಾವಿರಕ್ಕೆ ಮುಗೀತು. ಅಲ್ಲಿನ ಒಬ್ಬ ಸೇಠು ಬ್ಯಾಂಕಿಲ್ಲದೆ ಕೈಯಿಂದ ಕೈಗೆ ಊರಿಗೆ ಮುಟ್ಟಿಸಿ ದಿನಾರಿಗೆ ಹದಿನಾಲ್ಕು ಕೊಡುತ್ತೇನೆ ಅಂದ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಜೈಲು. ರೂಪಾಯಿ ಬೆಲೆ ಇನ್ನೇನು ಬೀಳುತ್ತೆ, ದಿನಾರನ್ನೇ ಇಟ್ಟುಕೊಂಡು ಕಾಯಿ ಅಂತ ಅಲ್ಲಿನ ಮಲಯಾಳಿಗಳು ಹೇಳಿದರಂತೆ. ಪಿಳ್ಳಪ್ಪ ಕಾಯಬೇಕಲ್ಲ. ಕಾಗದದಲ್ಲಿ ಆವಲಪ್ಪ ಹುಷಾರಾಗಿ ಬರೆದಿದ್ದ: "ಹತ್ತು ಪಡಿ ಅಳೆಯೋ ಅಂಗಡಿ ಬಿಟ್ಟು ಹದಿನಾಲ್ಕು ಪಡಿ ಅಳೆಯೋ ಅಂಗಡೀಲಿ ರಾಗಿ ತಗೊಂಡಿದೀನಿ. ನಾನು ಕೊಟ್ಟ ನೋಟು ಜೋಪಾನ."

ಆ ನೋಟು ಒಂದು ರೂಪಾಯಿಯದು. ಎರಡು ವರ್ಷದ ಹಿಂದೆ ರಜಕ್ಕೆ ಬಂದಾಗ ಕೊಟ್ಟು, ಅದರ ನಂಬರನ್ನು ಬರೆದುಕೊಂಡು ಹೋಗಿದ್ದ. ದುಡ್ಡು ತರುವವನಿಗೆ ಆ ನಂಬರು ತಿಳಿಸಿರುತ್ತಾರೆ. ಅವನು ಬಂದಾಗ ಆ ನೋಟು ಕೊಟ್ಟರೆ ಗಂಟು ಕೊಡುತ್ತಾನೆ. ಸಹಿ ಇಲ್ಲ, ರಸೀತಿ ಇಲ್ಲ, ನೋಟೇ ರಸೀತಿ.

ಮುನಿಕೆಂಪಮ್ಮ ಒಳಗೆ ಹೋಗಿ ದೇವರ ಗೂಡಿನ ಮಣೆ ಎತ್ತಿದಳು. ಅಲ್ಲಿ ಕಾಗದ ಮಾತ್ರ ಇತ್ತು. ನೋಟು ಸುತ್ತಿಟ್ಟಿದ್ದ ಕಾಗದ, ಅದರ ಮೇಲೆ ಗಂಡನ ಅಕ್ಷರದಲ್ಲಿ ನಂಬರು, ಕೊನೆಗೆ ಆರು ಎರಡು ಒಂದು ಎಂಟು. ಬಿಚ್ಚಿ ನೋಡಿದಳು, ಕೊಡವಿ ನೋಡಿದಳು, ಮಣೆಯನ್ನು ತಲೆಕೆಳಗು ಮಾಡಿ ನೋಡಿದಳು. ಗೂಡಿನ ಕುಂಕುಮವೆಲ್ಲ ಚೆಲ್ಲಿ ಕೈ ಕೆಂಪಾಯಿತು. ನೋಟಿಲ್ಲ.

"ಅತ್ತೆ," ಅಂದಳು. ಹಿತ್ತಲ ಬಾಗಿಲಿಗೆ ಹೋಗಿ ಮಣೆ ಕೆಳಗಿದ್ದ ರೂಪಾಯಿ ಎಲ್ಲಿ ಅಂತ ಕೇಳಿದಳು.

ಅತ್ತೆ ಪಟಾಲಮ್ಮ ಹಿತ್ತಲಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದಳು. "ಮಣೆ ಕೆಳಗಿನ ರೂಪಾಯಾ? ನಾನೇ ತಗಂಡೆ ಕಣಮ್ಮಿ. ಬಾಗಲೂರು ಮದುವೇಗೆ ಮುಯ್ಯಿ ಹಾಕ್ಬೇಕಲ್ಲ. ಸಾಸುವೆ ಡಬ್ಬದಾಗೆ ಹತ್ತರ ನೋಟೊಂದೇ ಇತ್ತು. ಹತ್ತು ಹಾಕಕ್ಕಾಯ್ತದಾ? ನಿನ್ನ ಕೇಳಾನ ಅಂದ್ರೆ ನೀನು ಹೊರಗಾಗಿ ಕೊಟ್ಟಿಗೇಲಿ ಮಲಗಿದ್ದೆ. ಗರಿಗರಿ ನೋಟು, ಮುಯ್ಯಿಗೆ ಹೇಳಿ ಮಾಡಿಸ್ದಂಗಿತ್ತು."

ಯಾರನ್ನು ಬೈಯೋದು ಹೇಳಿ. ಕಳೆದ ಗುರುವಾರ ಬಾಗಲೂರಿನಲ್ಲಿ ಮುನಿಕೆಂಪಮ್ಮನ ದೊಡ್ಡಪ್ಪನ ಮಗಳು ಕೃಷ್ಣಮ್ಮನ ಮನೆಯ ಮದುವೆ. ಅದರ ಹಿಂದಿನ ದಿನವೇ ಮುನಿಕೆಂಪಮ್ಮ ಮುಟ್ಟಾಗಿ ಹೊರಗೆ ಕೂತಳು. ಮೂರು ದಿನ ಅವಳು ನಡುಮನೆ ಹೊಸಿಲು ದಾಟುವಂತಿರಲಿಲ್ಲ, ದೇವರ ಗೂಡಿನ ಹತ್ತಿರಕ್ಕಂತೂ ಇಲ್ಲವೇ ಇಲ್ಲ. ಅವಳ ಬದಲು ಅತ್ತೆ ಮದುವೆಗೆ ಹೋದಳು. ಮಣೆ ಕೆಳಗಿನ ನೋಟಿನ ವಿಷಯ ಅತ್ತೆಗೆ ಮುನಿಕೆಂಪಮ್ಮ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, ಪಟಾಲಮ್ಮನಿಗೆ ಹೇಳಿದರೆ ಸಾಯಂಕಾಲದೊಳಗೆ ಯಲಹಂಕ ಸ್ಟೇಷನ್ನಿನ ಪೋರ್ಟರಿಗೂ ಗೊತ್ತಾಗುತ್ತಿತ್ತು. ಬಾಯಿ ಬಿಗಿಹಿಡಿದದ್ದೇ ಈಗ ಕುತ್ತಿಗೆಗೆ ಬಂತು.

ಅವಳು ನಂಬರಿದ್ದ ಕಾಗದ ಹಿಡಿದು ಲಾಲ್ ಸಾಬನ ಹತ್ತಿರ ಓಡಿದಳು. "ನಂಬರು ಇದೇ ಅಲ್ವಾ ಸಾಬಣ್ಣ? ನೋಡಿ, ಅವರ ಕೈಬರಹನೇ."

ಲಾಲ್ ಸಾಬ್ ತಿದಿ ಒತ್ತುತ್ತಲೇ ಇದ್ದ, ತಲೆ ಎತ್ತಲಿಲ್ಲ. "ನಂಬರು ನನ್ನ ಹತ್ರನೂ ಐತೆ ತಾಯಿ. ನಂಬರು ಯಾರು ಬೇಕಾದ್ರೂ ಬರ್ಕೋಬೋದು, ನೋಟು ಒಂದೇ ಇರತ್ತೆ. ಅದನ್ನ ನಾನು ಇಲ್ಲಿ ಪ್ಯಾಟೆ ಸೇಠು ಕೈಗೆ ಹಾಕ್ಬೇಕು. ಹಾಕ್ಲಿಲ್ಲ ಅಂದ್ರೆ ಲಾಲ್ ಸಾಬ್ ನುಂಗ್ದ ಅಂತಾರೆ. ಆಮೇಲೆ ನನ್ನ ಮನೇಲಿ ಹೆಣ್ಣುಮಕ್ಕಳು ಇರೋ ಹಂಗಿಲ್ಲ."

"ಎರಡು ದಿನ ಟೈಮ್ ಕೊಡಿ."

"ನಾಳೆ ಸಂಜೆ ತಂಕ. ನಾಳೆ ಸಂಜೆ ಈ ಗಂಟು ವಾಪಸ್ ಹೋಗ್ಬೇಕು ಅಂತ ಮಾತು. ವಾಪಸ್ ಹೋದ ಗಂಟು ಮತ್ತೆ ಬಂದದ್ದು ನಾನಂತೂ ನೋಡಿಲ್ಲ." ಹಂಡೆಗೆ ತವರ ಉಜ್ಜಿ, ಬೆಳ್ಳಗೆ ಮಾಡಿ ಕೈಗಿಟ್ಟು, ಕೂಲಿ ಎಂಟಾಣೆ ಈಸಿಕೊಂಡೇ ಹೋದ. ಗಂಟು ಆ ತಿದಿಯ ತೊಗಲಿನೊಳಗೇ ಇತ್ತು ಅಂತ ಅವಳಿಗೆ ಆಮೇಲೆ ಹೊಳೆಯಿತು.

ಮಧ್ಯಾಹ್ನದ ಬಸ್ಸಿಗೆ ಅವಳು ಬಾಗಲೂರಿಗೆ ಹೊರಟಳು. ಊಟ ಮಾಡಿರಲಿಲ್ಲ. ಏರ್‌ಫೋರ್ಸ್ ಗೇಟಿನ ಹತ್ತಿರ ಬಸ್ಸು ನಿಂತಾಗ ಬಂದೂಕು ಹಿಡಿದ ಪಹರೆಯವನು ಕಿಟಕಿ ಕಡೆ ನೋಡಿದ. ಅವನು ನೋಡಿದ್ದು ಕಂಡಕ್ಟರನ್ನು. ಅವಳಿಗೆ ಮಾತ್ರ ತನ್ನ ಸೆರಗಿನ ಗಂಟಿನಲ್ಲಿದ್ದ ನಂಬರಿನ ಚೀಟಿಯನ್ನೇ ನೋಡಿದ ಹಾಗಾಯಿತು. ಆ ಚೀಟಿ ಸಿಕ್ಕಿದರೆ ಸಾಕಲ್ಲ, ಅತ್ತ ಗಂಡನನ್ನೂ ಇತ್ತ ತನ್ನನ್ನೂ ಒಳಗೆ ಹಾಕಲು. ದಾರಿಯುದ್ದಕ್ಕೂ ಅವಳು ಆರು ಎರಡು ಒಂದು ಎಂಟು ಅಂತ ಬಾಯಿಪಾಠ ಮಾಡಿದಳು. ಬಾಯಿಗೆ ಬಂದ ಮೇಲೆ ಚೀಟಿಯನ್ನು ಚೂರುಚೂರು ಮಾಡಿ ಕಿಟಕಿಯಿಂದ ಬಿಟ್ಟಳು.

ಮದುವೆ ಮನೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ತೋರಣದ ಮಾವಿನೆಲೆ ಒಣಗಿ ಸುರುಟಿಕೊಂಡಿತ್ತು. ಜಗುಲಿ ಮೇಲೆ ಬನಿಯನ್ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತವನನ್ನು ನೋಡಿದ ತಕ್ಷಣ ಮುನಿಕೆಂಪಮ್ಮ ಚಪ್ಪರದ ಕಂಬದ ಹತ್ತಿರವೇ ನಿಂತಳು. ಅವನು ಕೃಷ್ಣಮ್ಮನ ಮೈದುನ ಲಕ್ಕಣ್ಣ, ಪೊಲೀಸ್ ದಫೇದಾರ. ಗೂಟಕ್ಕೆ ಅವನ ಖಾಕಿ ಅಂಗಿ ನೇತುಹಾಕಿತ್ತು.

"ಏನಮ್ಮ, ಮದುವೇಗೆ ಬರ್ದೆ ಈಗ ಬಂದೆ? ಆವಲಪ್ಪ ಹೆಂಗವ್ನೆ? ಜೋರಾಗಿ ಕಳಿಸ್ತಾವ್ನಾ?" ಅಂತ ಲಕ್ಕಣ್ಣ ಕೇಳಿದ. ಎಲ್ಲರೂ ಕೇಳುವ ಮಾತೇ ಅದು. ಅವಳ ಕಿವಿಗೆ ಅದು ವಿಚಾರಣೆಯ ಮೊದಲನೇ ಪ್ರಶ್ನೆಯಂತೆ ಕೇಳಿಸಿತು. "ಹೂಂ ಕಣಣ್ಣ, ಚೆನ್ನಾಗವ್ರೆ," ಅಂತ ತೊದಲಿ ಒಳಗೆ ನುಗ್ಗಿದಳು.

ಕೃಷ್ಣಮ್ಮ ಒಳಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಳು. ಅವಳ ಮಗಳು, ಮದುಮಗಳು ಸುಬ್ಬಮ್ಮ ಗಂಡನ ಮನೆಗೆ ಹೋಗಿ ಮರುವಳಿಗೆ ಅಂತ ಬಂದಿದ್ದವಳು, ಹದಿನೇಳರ ಹುಡುಗಿ, ಗೋಡೆಗೊರಗಿ ಮಲ್ಲಿಗೆ ಕಟ್ಟುತ್ತಿದ್ದಳು. ಕಾಲುಂಗುರ ಹೊಸದು, ಅದನ್ನೇ ಆಗಾಗ ನೋಡಿಕೊಳ್ಳುತ್ತಿದ್ದಳು. ಮುನಿಕೆಂಪಮ್ಮ ಬೆಲ್ಲದ ನೀರು ಕುಡಿದ ಶಾಸ್ತ್ರ ಮಾಡಿ, ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿಯೇಬಿಟ್ಟಳು.

"ಅಕ್ಕಾ, ನಮ್ಮತ್ತೆ ಹಾಕಿದ ಮುಯ್ಯೀಲಿ ಒಂದು ರೂಪಾಯಿ ನೋಟು ಬೇಕಾಗಿತ್ತು. ಅದರ ಬದಲು ಬೇರೆ ರೂಪಾಯಿ ಕೊಡ್ತೀನಿ. ಬೇಕಾದ್ರೆ ನಾಡಿದ್ದು ಐದು ಕೊಡ್ತೀನಿ."

ಕೃಷ್ಣಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಏನಂದೆ?"

"ಆ ನೋಟು..."

"ಹಾಕಿದ ಮುಯ್ಯಿ ವಾಪಸ್ ಕೇಳ್ತೀಯಾ? ಹುಡುಗಿ ಕೈ ಅರಿಶಿಣ ಇನ್ನೂ ಆರಿಲ್ಲ. ಮುಯ್ಯಿ ವಾಪಸ್ ಕೇಳೋದೂ ತಾಳಿ ವಾಪಸ್ ಕೇಳೋದೂ ಒಂದೇ ಕಣೆ. ಐದು ಕೊಡ್ತಾಳಂತೆ ಐದು. ನಮ್ಮನೆ ಮುಯ್ಯಿ ಡಬ್ಬನ ಸಂತೆ ಚಿಲ್ಲರೆ ಅಂದ್ಕಂಡ್ಯಾ? ಗಂಡ ಫಾರಿನ್ನಾಗವ್ನೆ ಅಂತ ಕೊಬ್ಬು."

ಮಾತು ಜಗುಲಿಗೆ ಕೇಳಿಸುವಷ್ಟು ಏರಿತ್ತು. ಹೊರಗೆ ಕಾಫಿ ಲೋಟ ಕೆಳಗಿಟ್ಟ ಸದ್ದಾಯಿತು. ಮುನಿಕೆಂಪಮ್ಮ ಬಾಗಿಲ ಕಡೆ ತಿರುಗಿದಳು. ಇನ್ನೊಂದು ನಿಮಿಷಕ್ಕೆ ಲಕ್ಕಣ್ಣ ಒಳಗೆ ಬಂದು ಏನದು ನೋಟಿನ ವಿಷಯ ಅಂತ ಕೇಳುತ್ತಾನೆ. ಕೇಳಿದರೆ ಅವಳು ಏನು ಹೇಳಬೇಕು? ಆರು ವರ್ಷ ಆ ಸುಡುಗಾಡು ಬಿಸಿಲಲ್ಲಿ ಕಬ್ಬಿಣ ಬೆಸೆದ ಗಂಡನಿಗೆ ಏನು ಬರೆಯಬೇಕು? ಆ ಗಳಿಗೆಯಲ್ಲಿ ಅವಳ ಬಾಯಿಗೆ ಸುಳ್ಳು ತಾನಾಗಿ ಬಂತು. ಅವಳು ಹುಡುಕಿಕೊಂಡು ಹೋಗಲಿಲ್ಲ, ಇದನ್ನು ಮಾತ್ರ ನಾನು ಅವಳ ಪರವಾಗಿ ಹೇಳುತ್ತೇನೆ.

"ಅದು ನಮ್ಮ ದುಡ್ಡಲ್ಲ ಅಕ್ಕಾ. ಮುತ್ಯಾಲಮ್ಮನ ಹರಕೆ ದುಡ್ಡು. ದೇವರ ಮಣೆ ಕೆಳಗಿಟ್ಟಿದ್ದೆ. ಅತ್ತೆಗೆ ಗೊತ್ತಾಗದೆ ತಂದು ಮುಯ್ಯಿಗೆ ಹಾಕಿಬಿಟ್ಟವ್ರೆ. ಅಮ್ಮನ ದುಡ್ಡು ಮದುಮಗಳ ಹತ್ರ ಇರಬಾರದು ಅಂತ ಓಡಿಬಂದೆ."

ಕೃಷ್ಣಮ್ಮನ ಮುಖದಲ್ಲಿದ್ದ ಸಿಟ್ಟು ಹಾಗೇ ಇಳಿದುಹೋಯಿತು. ಮುತ್ಯಾಲಮ್ಮ ಅಂದರೆ ಸುಮ್ಮನೆ ಅಲ್ಲ. ಮೈಮೇಲೆ ಮುತ್ತಿನಂಥ ಬೊಬ್ಬೆ ಏಳಿಸುವ ತಾಯಿ, ಸಿಡುಬಿನ ಹೆಸರು ನಮ್ಮ ಜನ ಹೇಳುವುದಿಲ್ಲ, ಅಮ್ಮ ಬಂದವ್ಳೆ ಅಂತಾರೆ. ಹೋದ ವರ್ಷ ಪಕ್ಕದ ಊರಿನಲ್ಲಿ ಎರಡು ಮಕ್ಕಳನ್ನು ಒಯ್ದಿದ್ದಳು. ಸುಬ್ಬಮ್ಮನ ಕೈಯಿಂದ ಹೂವು ಜಾರಿತು. "ಅವ್ವಾ, ಆ ನೋಟುಗಳನ್ನ ನಾನೇ ಎಣಿಸ್ದೆ," ಅಂದಳು.

ಆಮೇಲೆ ಯಾರೂ ಜಗಳ ಆಡಲಿಲ್ಲ. ಕೃಷ್ಣಮ್ಮ ಟ್ರಂಕು ತೆಗೆದು ಡಬ್ಬವನ್ನು ಮುಟ್ಟಲೂ ಹೆದರಿ ಮುನಿಕೆಂಪಮ್ಮನ ಮುಂದೆ ತಳ್ಳಿದಳು. ಒಂದು ರೂಪಾಯಿ ನೋಟುಗಳೇ ನಲವತ್ತರ ಮೇಲಿದ್ದವು. ಒಂದೊಂದನ್ನೂ ತಿರುಗಿಸಿ ಕೊನೆಯ ಅಂಕಿ ನೋಡುತ್ತಾ ಬಂದಳು. ಎರಡು ಸಲ ನೋಟು ಕೆಳಗೆ ಬಿತ್ತು. ಇಪ್ಪತ್ತಾಯಿತು, ಮೂವತ್ತಾಯಿತು. ಅಡಿಗೆಯವನಿಗೋ ಓಲಗದವನಿಗೋ ಕೊಟ್ಟುಬಿಟ್ಟಿದ್ದರೆ ಅನ್ನಿಸಿತು. ಮೂವತ್ತೆಂಟನೆಯದು ಆರು ಎರಡು ಒಂದು ಎಂಟು. ಅವಳಿಗೆ ಅಳು ಬಂತು, ಅದನ್ನು ಭಕ್ತಿ ಅಂದುಕೊಂಡು ಕೃಷ್ಣಮ್ಮ ಕೈ ಮುಗಿದಳು.

ಬದಲಿಗೆ ಒಂದು ರೂಪಾಯಿ ಕೊಡಹೋದರೆ ಕೃಷ್ಣಮ್ಮ ಹಿಂದಕ್ಕೆ ಸರಿದಳು. "ಬ್ಯಾಡ ಕಣಮ್ಮಿ, ಆ ಲೆಕ್ಕಕ್ಕೆ ಏನೂ ಬ್ಯಾಡ. ಅಮ್ಮಂಗೆ ತಪ್ಪಾಯ್ತು ಅಂತ ಹೇಳು."

ವಾಪಸ್ ಬಸ್ಸಿನಲ್ಲಿ ನೋಟು ರವಿಕೆಯೊಳಗೆ ಭದ್ರವಾಗಿತ್ತು. ಗೆದ್ದೆ ಅಂತ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಆ ಹುಡುಗಿಯ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಮುತ್ಯಾಲಮ್ಮನ ಹೆಸರು ಸುಳ್ಳಿಗೆ ಎಳೆದೆನಲ್ಲ ಅನ್ನುವ ಭಯ ಬೇರೆ. ನಾಳೆ ಒಂದು ದಿನ ಕಳೆದುಬಿಡಲಿ, ಆಮೇಲೆ ನಿಜವಾಗಿಯೇ ಒಂದು ತಂಬಿಟ್ಟಿನ ಆರತಿ ಮಾಡಿಬಿಡುತ್ತೇನೆ ಅಂತ ಮನಸ್ಸಿನಲ್ಲೇ ತಾಯಿಗೆ ಲಂಚ ಕಟ್ಟಿದಳು.

ಸೋಮವಾರ ಬೆಳಿಗ್ಗೆ ನೀರಿಗೆ ಹೋದರೆ ಬೀದಿ ತುಂಬ ಒಂದೇ ಮಾತು. ಕಾಫಿ ಹೋಟೆಲಿನ ರೇಡಿಯೋ ಮುಂದೆ ಗುಂಪು. ಸರ್ಕಾರ ರೂಪಾಯಿ ಬೆಲೆ ಇಳಿಸಿಬಿಟ್ಟಿದೆ. ಇಳಿಸೋದು ಅಂದರೇನು ಅಂತ ಅಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೂ ಎಲ್ಲರೂ ಹೇಳುತ್ತಿದ್ದರು. ನೂರರ ನೋಟು ಇನ್ನು ನಡೆಯಲ್ಲ ಅಂತ ಒಬ್ಬ. ಯುದ್ಧಕಾಲ ಮುಗಿದಾಗ ಸಾವಿರದ ನೋಟು ರದ್ದು ಮಾಡಿರಲಿಲ್ಲವಾ, ಹಾಗೇ ಇದು ಅಂತ ಇನ್ನೊಬ್ಬ. ಮುನಿಕೆಂಪಮ್ಮನ ಬಿಂದಿಗೆ ಅರ್ಧ ತುಂಬಿ ಅಲ್ಲೇ ಉಳಿಯಿತು.

ಬಿಸಿಲೇರುವ ಹೊತ್ತಿಗೆ ಜಮೀನಿನ ಪಿಳ್ಳಪ್ಪ ಬಂದ. ಒಳಗೂ ಬರಲಿಲ್ಲ, ಕೂರಲೂ ಇಲ್ಲ. "ನೋಡಮ್ಮ, ದುಡ್ಡು ದಿನಾ ಇಳಿಯೋ ಹಂಗೆ ಕಾಣ್ತದೆ, ಭೂಮಿ ಇಳಿಯಕಿಲ್ಲ. ಮಾತು ಕೊಟ್ಟಿವ್ನಿ ಅಂತ ಬುಧವಾರ ತಂಕ ತಡೀತೀನಿ. ಅದರ ಮೇಲೆ ಒಂದಿನ ಆದ್ರೂ ಎಂಟೂವರೇಗೆ ಕೊಡಾಕಿಲ್ಲ, ಹೆಬ್ಬಾಳದ ಮುನಿಗಂಗಪ್ಪ ಹತ್ತಕ್ಕೆ ಕೇಳ್ತಾವ್ನೆ." ಹೇಳಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಹನ್ನೆರಡಾಯಿತು, ಎರಡಾಯಿತು. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ಬಾಗಿಲಿಗೆ ಬಂದಳು. ಒಂದು ಸಲ ಪೋಸ್ಟ್‌ಮ್ಯಾನು, ಒಂದು ಸಲ ಹಾಲಿನವನು. ಲಾಲ್ ಸಾಬನನ್ನು ಹಿಡಿದುಬಿಟ್ಟರಾ? ಹಿಡಿದಿದ್ದರೆ ಅವನು ಯಾರ ಮನೆ ಹೆಸರು ಹೇಳುತ್ತಾನೆ? ಹಿಡಿಯದೆ ಅವನೇ ಗಂಟು ಎತ್ತಿಕೊಂಡು ಹೋಗಿದ್ದರೆ ಯಾರ ಮುಂದೆ ದೂರು ಹೇಳೋದು? ಸಹಿ ಇಲ್ಲದ, ರಸೀತಿ ಇಲ್ಲದ ದುಡ್ಡು. ಅವಳ ಹತ್ತಿರ ಇದ್ದದ್ದು ಒಂದು ರೂಪಾಯಿ ನೋಟು, ಗಂಡನ ಆರು ವರ್ಷವೆಲ್ಲ ಅಷ್ಟೇ ಆಗಿ ಕೈಯಲ್ಲಿತ್ತು. ಪಟಾಲಮ್ಮ ಎರಡು ಸಲ ಮುದ್ದೆ ಮುಂದಿಟ್ಟಳು, ಎರಡು ಸಲವೂ ಅದು ಆರಿ ಗಟ್ಟಿಯಾಯಿತು. ಆ ನೋಟು ಎಂಥದ್ದು ಅಂತ ಅತ್ತೆಗೆ ಭಾನುವಾರ ಸಂಜೆಯೇ ಹೇಳಿದ್ದಳು. ಕೇಳಿದಾಗಿನಿಂದ ಆ ಮುದುಕಿ ಬಾಯಿ ಬಿಟ್ಟಿರಲಿಲ್ಲ, ಅದೇ ಒಂದು ಅಪಶಕುನದಂತಿತ್ತು.

ಐದು ಗಂಟೆಗೆ ಹಿತ್ತಲ ಬಾಗಿಲು ಸದ್ದಾಯಿತು. ಕೂಗಿಲ್ಲ, ಬೆಲ್ಲಿಲ್ಲ, ಲಾಲ್ ಸಾಬ್ ತಿದಿಯನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತಿದ್ದ. ಮುಖದ ಮೇಲೆ ಬೆವರು. ಒಳಗೆ ಬಂದವನೇ ಕೋಣೆ ಸೇರಿ ಕೂತ.

"ನೋಟು ಸಿಕ್ತಾ ತಾಯಿ?"

ಕೊಟ್ಟಳು. ಅವನು ತೆರೆದ ಕಿಟಕಿಯ ಬೆಳಕಿಗೆ ಹಿಡಿದು ಅಂಕಿ ನೋಡಿ, ಟೋಪಿಯ ಮಡಿಕೆಯಲ್ಲಿಟ್ಟುಕೊಂಡ. ತಿದಿಯ ಹೊಲಿಗೆ ಬಿಚ್ಚಿ ಕಂತೆ ತೆಗೆದಿಟ್ಟ. ನೂರರ ನೋಟು ಎಂಬತ್ತನಾಲ್ಕು.

"ಸೇಠು ಬೆಳಿಗ್ಗೇನೇ ಹೇಳಿಕಳಿಸಿದ್ರು," ಅಂದ. "ಪ್ಯಾಟೇಲಿ ಅಂಗಡಿ ಅಂಗಡಿ ಶೋಧ ಮಾಡ್ತಾರೆ ಅಂತ ಸುದ್ದಿ, ಗಂಟಿರೋರೆಲ್ಲ ತಂದುಬಿಡಿ, ಯಾರಿಗೂ ಕೊಡಬೇಡಿ ಅಂತ. ನಾನು ಹೋಗ್ಲಿಲ್ಲ. ನಿಮಗೆ ಸಂಜೆ ತಂಕ ಅಂದಿದ್ದೆ. ಯಾರಾದ್ರೂ ಕೇಳಿದ್ರೆ ಭಾನುವಾರಾನೇ ಕೊಟ್ಟ ಅಂತ ಹೇಳಿ, ಅಷ್ಟು ಮಾಡಿ." ಆಮೇಲೆ ಒಂದು ಥರ ನಕ್ಕ. "ನಿಮ್ಮೆಜಮಾನ್ರು ಇನ್ನು ಹದಿನೈದು ದಿನ ತಡೆದಿದ್ರೆ ಇದ್ಯಾವುದೂ ಇರ್ತಿರಲಿಲ್ಲ. ಇವತ್ತಿಂದ ಬ್ಯಾಂಕಲ್ಲೇ ದಿನಾರಿಗೆ ಹದಿನೈದು ಮುಕ್ಕಾಲು ಅಂತೆ. ಒಂಬತ್ತು ಸಾವಿರದ ಮೇಲೆ ಬರ್ತಿತ್ತು. ಹಗಲು ಹೊತ್ತು, ಸಹಿ ಹಾಕಿ ಈಸ್ಕೋಬೋದಿತ್ತು."

ಅವಳಿಗೆ ಆ ಮಾತು ಹೊಟ್ಟೆಗೆ ಇಳಿಯುವ ಮೊದಲೇ ಮುಂದಿನ ಬಾಗಿಲ ಹತ್ತಿರ ಎತ್ತಿನ ಗಾಡಿ ನಿಂತ ಸದ್ದಾಯಿತು. ಕಿಟಕಿಯಿಂದ ಬಗ್ಗಿ ನೋಡಿದಳು. ಗಾಡಿಯ ಮೂಕಿ ಹಿಡಿದು ನಿಂತಿದ್ದವನು ಲಕ್ಕಣ್ಣ. ಈ ಸಲ ಖಾಕಿ ಅಂಗಿ ಮೈಮೇಲಿತ್ತು.

ಲಾಲ್ ಸಾಬ್ ಅದನ್ನು ನೋಡಿ ಗೋಡೆಗೆ ಅಂಟಿಕೊಂಡ. ಮುನಿಕೆಂಪಮ್ಮ ಕಂತೆಯನ್ನು ಹಂಡೆಯೊಳಗೆ ಹಾಕಿ, ಕೋಣೆ ಬಾಗಿಲು ಎಳೆದುಕೊಂಡು ನಡುಮನೆಗೆ ಬಂದಳು. ಮುಗಿಯಿತು ಅಂತಲೇ ಅವಳ ಲೆಕ್ಕ.

ಒಳಗೆ ಬಂದವನು ಲಕ್ಕಣ್ಣ ಅಲ್ಲ. ಕೃಷ್ಣಮ್ಮ ಬಂದಳು, ತೋಳಿನಲ್ಲಿ ಸುಬ್ಬಮ್ಮನನ್ನು ಹಿಡಿದುಕೊಂಡು. ಹುಡುಗಿ ಕಂಬಳಿ ಹೊದ್ದಿದ್ದಳು, ಹಲ್ಲು ಕಟಕಟ ಅನ್ನುತ್ತಿತ್ತು, ಹಣೆಯ ಕುಂಕುಮ ಬೆವರಿಗೆ ಕದಡಿತ್ತು.

"ರಾತ್ರಿಯಿಂದ ಜ್ವರ ಕಣಮ್ಮಿ," ಅಂದಳು ಕೃಷ್ಣಮ್ಮ. ನಿನ್ನೆಯ ಗತ್ತು ಎಲ್ಲೂ ಇರಲಿಲ್ಲ. "ಕಣ್ಣು ಮುಚ್ಚಿದ್ರೆ ಅಮ್ಮ ಬಂದು ನಿಂತವ್ಳೆ ಅಂತಾಳೆ. ಮೈ ಮೇಲೆ ಇನ್ನೂ ಏನೂ ಎದ್ದಿಲ್ಲ. ತಗಾ, ಹನ್ನೊಂದು ರೂಪಾಯಿ ತಪ್ಪುಕಾಣಿಕೆ ತಂದಿವ್ನಿ. ಆ ಹರಕೆ ದುಡ್ಡಿನ ಜತೆ ನಿನ್ನ ಕೈಯಾರೆ ಅಮ್ಮಂಗೆ ಹಾಕು. ಗಂಡನ ಮನೆಯೋರಿಗೆ ಗೊತ್ತಾದ್ರೆ ಕರ್ಕಂಡು ಹೋಗಾಕಿಲ್ಲ." ಸುಬ್ಬಮ್ಮ ಬಗ್ಗಿ ಮುನಿಕೆಂಪಮ್ಮನ ಕಾಲು ಮುಟ್ಟಿದಳು. ಕಾಲ ಮೇಲೆ ಬಿದ್ದ ಕೈ ಸುಡುತ್ತಿತ್ತು, ನಡುಗುತ್ತಿತ್ತು.

ಆ ನಡುಕ ಮುನಿಕೆಂಪಮ್ಮನಿಗೆ ಗೊತ್ತಿದ್ದ ನಡುಕ. ಬೆಳಿಗ್ಗೆಯಿಂದ ಅವಳ ಮೈಯಲ್ಲೇ ಇದ್ದದ್ದು. ಕಾಣಿಕೆ ಈಸಿಕೊಂಡು, ಹೋಗಿ ಬನ್ನಿ, ಒಳ್ಳೇದಾಗ್ತದೆ ಅಂದುಬಿಟ್ಟರೆ ಗಾಡಿ ಹೊರಟುಹೋಗುತ್ತಿತ್ತು. ಬುಧವಾರ ಜಮೀನು ರಿಜಿಸ್ಟ್ರಿ ಆಗುತ್ತಿತ್ತು. ಹುಡುಗಿಗೆ ಬರೀ ಜ್ವರವಾಗಿದ್ದರೆ ಇಳಿಯುತ್ತಿತ್ತು, ಭಯವಾಗಿದ್ದರೆ ಎಷ್ಟು ದಿನ ತಿನ್ನುತ್ತಿತ್ತೋ ಯಾರಿಗೆ ಗೊತ್ತು. ನಿಜ ಹೇಳಿದರೆ ಹತ್ತು ಮಾರು ದೂರದಲ್ಲಿ ದಫೇದಾರ. ಅವಳು ಆ ಹನ್ನೊಂದು ರೂಪಾಯಿಯನ್ನು ನೋಡುತ್ತಾ ನಿಂತಳು. ಒಳಗಿನ ಎಂಟು ಸಾವಿರದ ನಾನೂರಕ್ಕಿಂತ ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

"ಏಳು ಮಗ," ಅಂತ ಸುಬ್ಬಮ್ಮನನ್ನು ಎಬ್ಬಿಸಿದಳು. "ಅಮ್ಮಂಗೂ ಅದಕ್ಕೂ ಸಂಬಂಧ ಇಲ್ಲ. ನಾನು ಸುಳ್ಳು ಹೇಳ್ದೆ." ಅಷ್ಟು ಹೇಳಿ ಕೋಣೆ ಬಾಗಿಲು ತಳ್ಳಿದಳು.

ಕೃಷ್ಣಮ್ಮ ನೋಡಿದಳು. ಗೋಡೆಗೆ ಅಂಟಿ ನಿಂತ ಕಲಾಯಿ ಸಾಬಿ, ಹೊಲಿಗೆ ಬಿಚ್ಚಿದ ತಿದಿ, ಹೊಸ ಕಲಾಯಿಯ ಹಂಡೆಯೊಳಗೆ ನೂರರ ನೋಟಿನ ಕಂತೆ. ಮುನಿಕೆಂಪಮ್ಮ ಪಿಸುಮಾತಿನಲ್ಲಿ ಎಲ್ಲ ಹೇಳಿದಳು, ನಂಬರು, ದಿನಾರು, ಹದಿನಾಲ್ಕು, ಸಾಲದ್ದಕ್ಕೆ ಅತ್ತೆಯ ಹನ್ನೊಂದು. ಕೃಷ್ಣಮ್ಮ ದಡ್ಡಿಯಲ್ಲ. ಅರ್ಧದಲ್ಲೇ ಅವಳಿಗೆ ಎಲ್ಲ ತಿಳಿಯಿತು, ಉಳಿದರ್ಧ ಕೇಳುವ ಹೊತ್ತಿಗೆ ಮುಖ ಕಪ್ಪಿಟ್ಟಿತ್ತು.

"ದುಡ್ಡಿಗೋಸ್ಕರ ನನ್ನ ಮಗಳ ಮೇಲೆ ಅಮ್ಮನ್ನ ಬಿಟ್ಟೆಯಲ್ಲೇ," ಅಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮುನಿಕೆಂಪಮ್ಮನಿಗೆ.

ಹೊರಗಿನಿಂದ ಲಕ್ಕಣ್ಣನ ದನಿ ಬಂತು. "ಏನ್ ಅತ್ತಿಗೆ, ಇಷ್ಟೊತ್ತು? ಒಳಗೆ ಬರ್ಲಾ?" ಬೂಟಿನ ಸದ್ದು ಜಗುಲಿಯ ಮೊದಲ ಮೆಟ್ಟಿಲ ಮೇಲೆ ಕೇಳಿಸಿತು.

ಲಾಲ್ ಸಾಬ್ ಕಣ್ಣು ಮುಚ್ಚಿಕೊಂಡ. ಪಟಾಲಮ್ಮ ಒಲೆ ಮುಂದೆ ಕೂತಲ್ಲೇ ಸೆರಗು ಬಾಯಿಗೆ ತುರುಕಿಕೊಂಡಳು. ಹೇಳಬೇಡ ಅಂತ ಕೇಳಿಕೊಳ್ಳುವ ಮುಖ ಮುನಿಕೆಂಪಮ್ಮನಿಗಿರಲಿಲ್ಲ. ಕೃಷ್ಣಮ್ಮ ಮಗಳ ಕಡೆ ನೋಡಿದಳು. ಸುಬ್ಬಮ್ಮ ಕಂಬಳಿ ಸರಿಸಿ, ಗೋಡೆ ಹಿಡಿದು ನೆಲಕ್ಕೆ ಕೂತು, "ಹಂಗಾದ್ರೆ ಅಮ್ಮ ಬರಾಕಿಲ್ವಾ?" ಅಂತ ಕೇಳಿದಳು. ಆಮೇಲೆ ಕುಡಿಯಲು ನೀರು ಕೇಳಿದಳು. ನಿನ್ನೆ ಸಂಜೆಯಿಂದ ಒಂದು ಗುಟುಕು ಇಳಿದಿರಲಿಲ್ಲವಂತೆ.

"ಏನಿಲ್ಲ ಬಿಡು ಲಕ್ಕಣ್ಣ, ಅಲ್ಲೇ ಇರು," ಅಂತ ಕೃಷ್ಣಮ್ಮ ಬಾಗಿಲ ಕಡೆ ತಿರುಗಿ ಹೇಳಿದಳು. "ಇವರ ಮನೇಲಿ ಪಾತ್ರೆಗೆ ಕಲಾಯಿ ಹಾಕಿಸ್ತಾವ್ರೆ, ಹೊಗೆ ಜಾಸ್ತಿ. ಬಂದೆ."

ಬೂಟು ಮೆಟ್ಟಿಲಿಳಿಯಿತು. ಮುನಿಕೆಂಪಮ್ಮ ಚೆಂಬಿನಲ್ಲಿ ನೀರು ತಂದು ಹುಡುಗಿಯ ಬಾಯಿಗೆ ತಾನೇ ಹಿಡಿದಳು. ಕೃಷ್ಣಮ್ಮ ತಪ್ಪುಕಾಣಿಕೆಯ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. "ಮುಯ್ಯಿ ಪುಸ್ತಕದಾಗೆ ನಿಮ್ಮ ಹೆಸರಿನ ಮುಂದೆ ಹನ್ನೊಂದು ಅಂತ ಬರ್ದೈತೆ. ಹತ್ತು ಅಂತ ತಿದ್ದಿಸ್ತೀನಿ," ಅಂದಳು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮುಂದೆ ಮೂರು ತಲೆಮಾರು ಆ ಪುಸ್ತಕ ತೆಗೆದು ಓದುತ್ತಾರೆ.

ಮುನಿಕೆಂಪಮ್ಮ ಒಂದು ರೂಪಾಯಿಗಾಗಿ ಸಾಸುವೆ ಡಬ್ಬ ತಡಕಿದಳು. ನಿನ್ನೆ ಕೃಷ್ಣಮ್ಮ ಈಸಿಕೊಳ್ಳದ ರೂಪಾಯಿ ವಾಪಸ್ ಬಸ್ ಚಾರ್ಜಿಗೆ ಹೋಗಿತ್ತು. ಹಂಡೆಯಲ್ಲಿ ಎಂಟು ಸಾವಿರದ ನಾನೂರು ಬಿದ್ದಿದೆ, ಮನೆಯಲ್ಲಿ ಒಂದು ರೂಪಾಯಿ ಇಲ್ಲ. ಆಗ ಲಾಲ್ ಸಾಬ್ ಗೋಡೆ ಬಿಟ್ಟು ಬಂದ. ಅಂಗಿ ಜೇಬಿಗೆ ಕೈ ಹಾಕಿ, ಎಣ್ಣೆ ಮಸಿ ಮೆತ್ತಿದ ಒಂದು ರೂಪಾಯಿ ನೋಟು ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಎರಡು ಕೈಯಲ್ಲೂ ಹಿಡಿದು ಕೃಷ್ಣಮ್ಮನ ಮುಂದೆ ಚಾಚಿದಳು.

ಕೃಷ್ಣಮ್ಮ ಮೊದಲು ಕೋಣೆಯೊಳಗಿನ ಹಂಡೆ ಕಡೆ ನೋಡಿದಳು. ಆಮೇಲೆ ಎತ್ತಿಕೊಂಡು, ತಿರುಗಿಸಿ, ನಂಬರು ಇರುವ ಕಡೆ ಹೆಬ್ಬೆರಳಿಟ್ಟಳು.

"ಇದನ್ನಾದ್ರೂ ಖರ್ಚು ಮಾಡಬೋದೋ," ಅಂದಳು, "ಇಲ್ಲ ಇದನ್ನೂ ಕೇಳ್ಕಂಡು ಬರ್ತೀಯೋ?"

ಅಷ್ಟಂದು ಮಗಳ ತೋಳು ಹಿಡಿದು ಹೊರಟಳು. ಗಾಡಿ ಬೀದಿ ತಿರುಗುವವರೆಗೂ ಮುನಿಕೆಂಪಮ್ಮ ಬಾಗಿಲಲ್ಲಿ ನಿಂತೇ ಇದ್ದಳು, ಕೃಷ್ಣಮ್ಮ ಬಾಯಿ ಬಿಟ್ಟು ಲಕ್ಕಣ್ಣ ಎಲ್ಲಿ ಹಿಂತಿರುಗಿ ನೋಡಿಬಿಡುತ್ತಾನೋ ಅಂತ.